ಅತ್ತೆಗೆ ವೀಲ್‌ಚೇರ್ ಬೇಡವಂತೆ!

ಪ್ರಶ್ನೆ: 74 ವರ್ಷದ ಅತ್ತೆ, ಇಬ್ಬರು ಚಿಕ್ಕ ಮಕ್ಕಳ ಜೊತೆ ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ಅತ್ತೆಗೆ ಮಂಡಿನೋವು. ಆದರೂ ವೀಲ್‌ಚೇರ್ ಅಂದರೆ ಸಿಟ್ಟು. ಏನು ಮಾಡಲಿ?

ಉತ್ತರ: ನಮ್ಮಮ್ಮನೂ ಹೀಗೇ. "ನಾನೇನು ರೋಗಿಯಾ?" ಅಂತ ಮುಖ ತಿರುಗಿಸಿದ್ದರು. "ಅಜ್ಜಿ, ನೀವು ಕೂತರೆ ನನ್ನ ಚೀಲ ನಿಮ್ಮ ಮಡಿಲಲ್ಲಿ ಇಡಬಹುದು" ಅಂತ ಮಗಳು ಗೋಗರೆದ ಮೇಲೆ ಕೂತರು. ಆಮೇಲೆ ಇಳಿಯಲೇ ಒಲ್ಲರು! ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ತಿಳಿಸಿಬಿಡಿ, ಅತ್ತೆಯನ್ನು ಆಮೇಲೆ ಒಪ್ಪಿಸಿದರಾಯಿತು.

ಮಾತ್ರೆಗಳು ಮಾತ್ರ ಕೈಚೀಲದಲ್ಲೇ ಇರಲಿ, ಅಂಗಡಿಯಿಂದ ತಂದ ಪೊಟ್ಟಣದಲ್ಲೇ, ವೈದ್ಯರ ಚೀಟಿ ಸಮೇತ. ನಾವು ದೊಡ್ಡ ಸೂಟ್‌ಕೇಸಿಗೆ ತುಂಬಿದ್ದೆವು. ಅದು ಬಂದದ್ದು ಎರಡು ದಿನ ತಡವಾಗಿ. ಆ ಎರಡು ದಿನ ಬಿಪಿ ಏರಿದ್ದು ಅಮ್ಮನಿಗಲ್ಲ, ನನಗೆ.

ಗಂಟೆಗಟ್ಟಲೆ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹೊರಡುವ ಮುಂಚೆ ವೈದ್ಯರನ್ನು ಕೇಳಿ, ಓಡಾಡುವ ದಾರಿ ಪಕ್ಕದ ಸೀಟನ್ನೇ ಅತ್ತೆಗೆ ಕೊಡಿ. ಅವರನ್ನು ಆಗಾಗ ಎಬ್ಬಿಸಿ ನಡೆಸುವ ಕೆಲಸ ಮಕ್ಕಳಿಗಿರಲಿ. ನನ್ನ ಮಗಳಂತೂ ಕೈಗಡಿಯಾರ ನೋಡಿಕೊಂಡೇ ಕಾದಿರುತ್ತಿದ್ದಳು.

ಹಾಂ, ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಇದೆಯೇ? ಅನೇಕ ದೇಶಗಳು ಕೇಳುತ್ತವೆ. ಮಕ್ಕಳದ್ದನ್ನೂ ಇವತ್ತೇ ತೆರೆದು ನೋಡಿ.