ಕಡಲ ತಳದ ಯುದ್ಧಚರಿತ್ರೆ

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಶಿಕ್ಷಕ, ಮಗ ಸ್ಕೂಬಾ ಡೈವಿಂಗ್ ಕಲಿತವನು. ಪೆಸಿಫಿಕ್ ಸಾಗರದ ದ್ವೀಪದೇಶ ಮೈಕ್ರೊನೇಷ್ಯಾದಲ್ಲಿ ಇಬ್ಬರಿಗೂ ನೋಡತಕ್ಕದ್ದು ಇದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಖಂಡಿತ ಇದೆ. 1944ರ ಫೆಬ್ರುವರಿ 17 ಮತ್ತು 18ರಂದು ಅಮೆರಿಕದ ವಿಮಾನದಾಳಿಗೆ ಸಿಕ್ಕಿ ಜಪಾನಿನ 40ಕ್ಕೂ ಹೆಚ್ಚು ಹಡಗುಗಳು ಅಲ್ಲಿನ ಚೂಕ್ ಲಗೂನಿನಲ್ಲಿ (ಹವಳದ ದಿಬ್ಬಗಳು ಸುತ್ತುವರಿದ ಕಡಲ ಭಾಗ) ಮುಳುಗಿದವು. ಅವುಗಳಲ್ಲೊಂದಾದ ಫುಜಿಕಾವಾ ಮಾರು ಇಂದಿಗೂ ತಳದಲ್ಲಿ ನೆಟ್ಟಗೆ ನಿಂತಿದ್ದು, ಅದರ ಮುಂಭಾಗದ ಫಿರಂಗಿಗೆ ಹವಳ ಹತ್ತಿಕೊಂಡಿದೆ, ಸರಕುಕೋಣೆಯಲ್ಲಿ ಝೀರೊ ಯುದ್ಧವಿಮಾನಗಳ ಭಾಗಗಳಿವೆ. ಈ ಹಡಗುಗಳು ನಾವಿಕರ ಸಮಾಧಿಗಳೂ ಹೌದು. ಅಲ್ಲಿಂದ ಒಂದು ಚೂರನ್ನೂ ತರಬಾರದೆಂದು ಮಗನಿಗೆ ದಯವಿಟ್ಟು ಹೇಳಿ.

ತಾವು ಅದೇ ದೇಶದ ಯಾಪ್ ದ್ವೀಪವನ್ನು ತಪ್ಪಿಸಬೇಡಿ. ನೆರೆಯ ದ್ವೀಪದೇಶ ಪಲಾವಿನಲ್ಲಿ ಕಡಿದು ಕಡಲ ಮೇಲೆ ಸಾಗಿಸಿ ತಂದ, ನಡುವೆ ತೂತಿರುವ ದೊಡ್ಡ ಕಲ್ಲಿನ ಬಿಲ್ಲೆಗಳೇ ಅಲ್ಲಿನ ಸಾಂಪ್ರದಾಯಿಕ ಹಣ; ಕಲ್ಲು ಇದ್ದಲ್ಲೇ ಇದ್ದು ಒಡೆತನ ಮಾತ್ರ ಬದಲಾಗುತ್ತದೆ.

ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪದ ಮೂಲಕ ಹೋಗುವುದಾದರೆ ಅಮೆರಿಕದ ವೀಸಾ ಬೇಕು.