ಕೋಳಿಯನ್ನು ಕೇಳಿದಿರಾ?

ನಮಸ್ಕಾರ.

ನಿಮ್ಮ ‘ಮೂಕಜೀವಿಗಳ ಕಣ್ಣೀರು’ ಲೇಖನ ತಲುಪಿತು, ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಪ್ರಾಣಿಕ್ಷೇಮವನ್ನು ವಿಜ್ಞಾನಿಗಳು ಅಳೆಯುವ ಬಗೆಯ ಕುರಿತು ಬರೆದಿದ್ದೇನೆ ಎಂದಿದ್ದೀರಿ. ಹನ್ನೊಂದು ಪುಟಗಳಲ್ಲಿ ‘ಪಾಪ’ ಎಂಬ ಮಾತು ಹದಿನಾಲ್ಕು ಸಲ ಬಂದಿದೆ (ಕೆಂಪು ಪೆನ್ನು ಹಿಡಿದು ಎಣಿಸಿದೆ), ಅಳತೆ ಒಂದು ಸಲವೂ ಬಂದಿಲ್ಲ.

‘ತಂತಿಯ ಮೇಲೆ ನಿಂತ ಕೋಳಿಯ ಸಂಕಟ ಯಾರಿಗೆ ತಾನೆ ತಿಳಿಯದು?’ ಎಂದು ಕೇಳಿದ್ದೀರಿ. ತಜ್ಞರಿಗೇ ತಿಳಿಯದೆ ಹೋದದ್ದುಂಟು. 1965ರಲ್ಲಿ, ಸಾಕುಪ್ರಾಣಿಗಳ ಕ್ಷೇಮವನ್ನು ಪರಿಶೀಲಿಸಿದ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ, ಪಂಜರದ ನೆಲಕ್ಕೆ ಆರು ಮೂಲೆಯ ಕಣ್ಣುಗಳ ತೆಳು ತಂತಿಬಲೆ ಬೇಡ, ದಪ್ಪ ತಂತಿಯ ಜಾಲರಿ ಹಾಕಿ ಎಂದಿತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಆಯ್ಕೆಯನ್ನು ಕೋಳಿಗಳಿಗೇ ಬಿಟ್ಟರು. ಅವು ಹೋಗಿ ನಿಂತದ್ದು ಸಮಿತಿ ಬೇಡವೆಂದ ತೆಳು ಬಲೆಯ ಮೇಲೆ! ಅಲ್ಲಿ ಪಾದಕ್ಕೆ ಹೆಚ್ಚು ಕಡೆ ಆಸರೆ ಸಿಗುತ್ತಿತ್ತು. ಸಮಿತಿಯವರೂ ನಿಮ್ಮಂತೆ ಮರುಕವುಳ್ಳವರೇ. ಆದರೆ ತಮ್ಮ ಅಂಗಾಲಿನಿಂದ ಯೋಚಿಸಿದ್ದರು.

ಹಾಗೆಂದು ಕೋಳಿ ಆರಿಸಿಕೊಂಡದ್ದೆಲ್ಲ ಸುಖವೆಂದು ಬರೆದುಬಿಡಬೇಡಿ. ಎರಡು ಕೆಟ್ಟದ್ದರಲ್ಲಿ ವಾಸಿಯಾದುದನ್ನು ಅದು ಹಿಡಿದಿರಬಹುದು. ಬೇಕು ಎಂಬುದು ಎಷ್ಟು ಬೇಕು ಎಂದು ತಿಳಿಯಲು ಬೆಲೆ ಕಟ್ಟಿಸಬೇಕಾಗುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಸಣ್ಣ ಪ್ರಾಣಿಗಳ ಮುಂದೆ ಬೇರೆಬೇರೆ ಸೌಕರ್ಯಗಳಿಗೆ ತೆರೆಯುವ ಬಾಗಿಲುಗಳನ್ನಿಟ್ಟು, ಅವುಗಳಿಗೆ ಭಾರ ಹೇರುತ್ತ ಹೋದರು. ಈಜುಕೊಳದ ಬಾಗಿಲಿಗಾಗಿ ಅವು ಬಹಳ ಹೆಣಗಿದವು. ಕೊಳ ಕೈತಪ್ಪಿದಾಗ ಮೈಯಲ್ಲಿ ಒತ್ತಡದ ಹಾರ್ಮೋನು, ಊಟ ತಪ್ಪಿದಾಗ ಏರುವಂತೆಯೇ ಏರಿತು.

ಇನ್ನು ನಿಮ್ಮ ಏಳನೆಯ ಪುಟ. ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ ಮೇಲೆ ಮನೆಯ ಹಸು ಗೌರಿ ಮೂತಿಯನ್ನು ನೆಲದ ಹತ್ತಿರ ತಂದು, ಮುಂಗಾಲು ಮಡಿಸಹೊರಟು, ಮತ್ತೆ ನೆಟ್ಟಗೆ ನಿಲ್ಲುತ್ತಿದ್ದಳು ಎಂದು ಒಂದೇ ವಾಕ್ಯ ಬರೆದು ಮುಂದೆ ಓಡಿದ್ದೀರಿ. ಅಲ್ಲೇಕೆ ನಿಲ್ಲಲಿಲ್ಲ? ಸಂಶೋಧಕರು ಎಣಿಸುವುದು ಇದನ್ನೇ: ಮಲಗಲು ಎಷ್ಟು ಸಲ ಹಿಂಜರಿಯಿತು, ದಿನಕ್ಕೆ ಎಷ್ಟು ಹೊತ್ತು ಮಲಗಿತು. ಮೆತ್ತನೆಯ ನೆಲ ಸಿಕ್ಕರೆ ಹಾಲಿನ ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗುತ್ತದೆ. ಹಾಸು ಸರಿಯಿದೆಯೇ ಎಂದು ನೋಡಲು ಅದರ ಮೇಲೆ ನೀವೇ ಮೊಣಕಾಲೂರಿ ಬಿದ್ದು ನೋಡಿ ಎಂದು ರೈತರಿಗೆ ಹೇಳುವುದೂ ಉಂಟು. ನೀವೂ ಒಮ್ಮೆ ಬಿದ್ದು ನೋಡಿ, ನೋವಾದರೆ ಬರೆಯಿರಿ.

ಉಳಿದ ಹತ್ತು ಪುಟ ಬಿಡಿ. ಗಡಿಯಾರ ಹಿಡಿದು ಎರಡು ರಾತ್ರಿ ಕೊಟ್ಟಿಗೆಯಲ್ಲಿ ಕುಳಿತು, ಮೂರು ಪುಟ ಬರೆದು ಕಳುಹಿಸಿ. ಶೀರ್ಷಿಕೆಯನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕ