ಉಬುಂಟುವಿನಲ್ಲಿ ಡಿ ಡ್ರೈವ್ ತೆರೆಯುತ್ತೆ, ಆದ್ರೆ ಸೇವ್ ಆಗಲ್ಲ. ಪರ್ಮಿಷನ್ ಕೊಡೋದು ಹೇಗೆ?

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇವೆ, ಉಬುಂಟುವಿನಿಂದ ಡಿ ಡ್ರೈವ್‌ಗೆ ಸೇವ್ ಮಾಡಲು ಹೋದರೆ ‘ರೀಡ್ ಓನ್ಲಿ’ ಅನ್ನುತ್ತದೆ, ಎಲ್ಲರಿಗೂ ಪರ್ಮಿಷನ್ ಕೊಡುವ ಸಿಎಚ್‌ಮಾಡ್ 777 ಕಮಾಂಡ್ ಕೊಟ್ಟರೂ ಕೇಳಲಿಲ್ಲ ಎಂದಿದ್ದೀರಿ.

ಕೇಳುವುದಿಲ್ಲ. ಇದು ಪರ್ಮಿಷನ್ ತೊಂದರೆ ಅಲ್ಲವೇ ಅಲ್ಲ. ನೀವು ವಿಂಡೋಸ್ ಬಂದ್ ಮಾಡಿದ್ದೀರಿ, ಅದು ಬಂದ್ ಆಗಿಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲಭ್ಯ ಇದೆ. ಶಟ್ ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ. ಆದರೆ ಕರ್ನಲ್, ಅಂದರೆ ವಿಂಡೋಸ್‌ನ ಒಳತಿರುಳು, ತನ್ನ ನೆನಪನ್ನು ಡಿಸ್ಕ್ ಮೇಲೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಡಿ ಡ್ರೈವ್‌ನಲ್ಲಿ ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಅನ್ನುವ ಲೆಕ್ಕವೂ ಆ ನೆನಪಿನಲ್ಲಿರುತ್ತದೆ. ಅಂಗಡಿಯ ಕಿರ್ದಿ ಬರೆಯುವವರು ಅರ್ಧ ಲೆಕ್ಕ ತಲೆಯಲ್ಲಿಟ್ಟುಕೊಂಡು ಊಟಕ್ಕೆ ಹೋದ ಹಾಗೆ. ಅಷ್ಟರಲ್ಲಿ ನೀವು ಪುಸ್ತಕದಲ್ಲಿ ನಾಲ್ಕು ಸಾಲು ಬರೆದರೆ, ಅವರು ಬಂದು ಅದರ ಮೇಲೆಯೇ ತಮ್ಮ ಲೆಕ್ಕ ಬರೆಯುತ್ತಾರೆ. ಅದಕ್ಕೇ ಉಬುಂಟು ಓದಲು ಮಾತ್ರ ಬಿಡುತ್ತದೆ. 2021ರಲ್ಲಿ ಲಿನಕ್ಸ್ 5.15 ಕರ್ನಲ್ ಜೊತೆ ಬಂದ, ವಿಂಡೋಸ್ ಡ್ರೈವ್‌ಗಳನ್ನು ಓದಿ ಬರೆಯುವ ಎನ್‌ಟಿಎಫ್‌ಎಸ್3 ಡ್ರೈವರ್ ಇನ್ನೂ ಬಿಗಿ. ಡ್ರೈವ್ ಸರಿಯಾಗಿ ಮುಚ್ಚಿಲ್ಲ ಅಂದರೆ ತೆರೆಯುವುದೇ ಇಲ್ಲ.

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಗಳೇ ಜಾಸ್ತಿ, ಬನಶಂಕರಿ ಜಾತ್ರೆ ಹೊತ್ತಿಗೆ ಬ್ಯಾನರ್. ಯಾರೋ ಹೇಳಿದರೆಂದು ಒಂದು ರಾತ್ರಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಲಿನಕ್ಸ್‌ನ ರಿಪೇರಿ ಕಮಾಂಡ್ ಓಡಿಸಿದೆ. ಸೇವ್ ಆಯಿತು, ಖುಷಿಯಾಯಿತು. “ಮುಂಜಾನಿ ಬರ್ತೀವ್ರಿ, ಪ್ರೂಫ್ ರೆಡಿ ಇಡ್ರಿ” ಅಂತ ಗಿರಾಕಿ ಹೇಳಿ ಹೋಗಿದ್ದರು. ಮುಂಜಾನೆ ವಿಂಡೋಸ್ ಹಚ್ಚಿದರೆ ಆ ಫೋಲ್ಡರೇ ತೆರೆಯಲಿಲ್ಲ. ಡ್ರೈವ್ ತಪಾಸಣೆ ಮಾಡುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿದ ಮೇಲೆ ಸಿಕ್ಕಿದ್ದು ಫೌಂಡ್.000 ಎಂಬ ಫೋಲ್ಡರ್, ಅದರೊಳಗೆ ಹೆಸರಿಲ್ಲದ ಚೂರುಗಳು. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಇಪ್ಪತ್ತು ಹೆಸರು. ಗಿರಾಕಿ ಎದುರಿಗೇ ಕೂತು ಮತ್ತೆ ಟೈಪ್ ಮಾಡಿದೆ. ಎನ್‌ಟಿಎಫ್‌ಎಸ್‌ಫಿಕ್ಸ್ ಸಣ್ಣಪುಟ್ಟದ್ದು ಸರಿಮಾಡಿ, ಜರ್ನಲ್ (ಡ್ರೈವ್‌ನ ಬದಲಾವಣೆಗಳ ದಾಖಲೆ) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್ ಚೆಕ್ ಮಾಡಲಿ ಅಂತ ಗುರುತು ಹಾಕುತ್ತದೆ, ಅಷ್ಟೇ. ಮಲಗಿರುವ ವಿಂಡೋಸ್‌ನ ತಲೆಯೊಳಗಿನ ಲೆಕ್ಕ ಅದಕ್ಕೇನು ಗೊತ್ತು?

ಮಾಡಬೇಕಾದ್ದು ವಿಂಡೋಸ್ ಕಡೆಯೇ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆಗೆಯಿರಿ. ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಕೊಂಡಿ ಎಡಗಡೆ ಇರುತ್ತದೆ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ಮಂಕಾಗಿ ಕಂಡರೆ, ಮೇಲಿನ ‘ಚೇಂಜ್ ಸೆಟ್ಟಿಂಗ್ಸ್’ ಸಾಲು ಒತ್ತಿ, ಟಿಕ್ ತೆಗೆದು ಸೇವ್ ಮಾಡಿ, ಶಟ್ ಡೌನ್ ಮಾಡಿ. ಎಸ್‌ಎಸ್‌ಡಿ ಇದ್ದರೆ ವೇಗದಲ್ಲಿ ವ್ಯತ್ಯಾಸ ಗೊತ್ತೂ ಆಗಲ್ಲ. ಇವತ್ತೊಂದು ದಿನಕ್ಕೆ ಸಾಕು ಅಂದರೆ ಶಟ್ ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ಉಬುಂಟು ಆರಿಸಿಕೊಳ್ಳಿ. ವಿಚಿತ್ರ ಅನ್ನಿಸಬಹುದು, ರೀಸ್ಟಾರ್ಟ್‌ನಲ್ಲೇ ವಿಂಡೋಸ್ ಪೂರ್ತಿ ಮುಚ್ಚುವುದು.

ಡ್ರೈವ್ ಮೇಲೆ ಬೀಗದ ಚಿತ್ರ ಕಂಡರೆ ಅದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡ್ರೈವ್‌ಗೆ ಹಾಕುವ ಗೂಢಲಿಪಿ ಬೀಗ. ಆಗ 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಗುತ್ತದೆ.

ಪ್ರತಿಸಲ ತಾನಾಗಿ ತೆರೆಯಬೇಕು ಅಂದರೆ ಉಬುಂಟುವಿನ ಡಿಸ್ಕ್ಸ್ ಆ್ಯಪ್‌ನಲ್ಲಿ ಆ ಪಾರ್ಟಿಷನ್ ಆರಿಸಿ, ಮೌಂಟ್ ಆಪ್ಷನ್ಸ್‌ಗೆ ಹೋಗಿ. ಅಲ್ಲಿರುವ ‘ನೋಫೇಲ್’ ಪದವನ್ನು ಅಳಿಸಬೇಡಿ. ಅದಿಲ್ಲದೆ ಒಂದು ದಿನ ಡಿ ಡ್ರೈವ್ ತೆರೆಯದಿದ್ದರೆ ಉಬುಂಟು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಸಿ ಡ್ರೈವ್‌ಗೆ ಮಾತ್ರ ಲಿನಕ್ಸ್‌ನಿಂದ ಏನೂ ಬರೆಯಬೇಡಿ, ನಾನಂತೂ ಬರೆಯಲ್ಲ.

ಇನ್ನೊಂದು. ಫೈಲ್ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಹಾಕಬೇಡಿ. ಲಿನಕ್ಸ್ ಒಪ್ಪಬಹುದು, ವಿಂಡೋಸ್ ಒಪ್ಪಲ್ಲ. ನಾನು ಮುಹೂರ್ತದ ಹೊತ್ತನ್ನೇ ಫೈಲ್‌ಗೆ ಹೆಸರಿಡುತ್ತಿದ್ದೆ, 10:35 ಅಂತ. ಆಮೇಲೆ ಅವನ್ನೆಲ್ಲ ಉಬುಂಟುವಿನಲ್ಲಿ ಕೂತು ಒಂದೊಂದಾಗಿ 10-35 ಮಾಡಬೇಕಾಯಿತು.